ಹಿಮದ ಬೆಳಗಿಗೂ ನಿಲ್ಲುವ ತೋಟ

ಉದಕಮಂಡಲದ ತೋಟಗಳನ್ನು ಹೊರಗಿನವರು ನೋಡುವುದು ಹೆಚ್ಚಾಗಿ ಮೇ ತಿಂಗಳಿನಲ್ಲಿ. ಪುಷ್ಪ ಪ್ರದರ್ಶನದ ದಿನಗಳಿಗೆ ಸರಿಯಾಗಿ ಹೂವು ಅರಳುವಂತೆ ತಿಂಗಳುಗಳ ಮೊದಲೇ ಸಸಿಗಳನ್ನು ಸಿದ್ಧಪಡಿಸುವುದು ನೀಲಗಿರಿಯ ತೋಟಗಾರರ ಕೈಚಳಕ. 1848ರ ಸುಮಾರಿಗೆ ವಿಲಿಯಂ ಗ್ರಹಾಂ ಮೆಕೈವರ್ ದೊಡ್ಡಬೆಟ್ಟದ ಇಳಿಜಾರಿನಲ್ಲಿ ರೂಪಿಸಿದ ಸಸ್ಯೋದ್ಯಾನವನ್ನು ಮೇ ತಿಂಗಳಿನಲ್ಲಿ ಕಂಡವರು ತಮ್ಮ ಅಂಗಳದಲ್ಲಿಯೂ ಅದೇ ಚಿತ್ರವನ್ನು ನೆಡಲು ಹೊರಡುತ್ತಾರೆ. ಆದರೆ ಮನೆಯವರು ಬಾಳಬೇಕಾದದ್ದು ಡಿಸೆಂಬರ್, ಜನವರಿಗಳೊಡನೆ. ಬಡಗರ ಹಟ್ಟಿಗಳಲ್ಲಿ ಹೆತ್ತೆ ಹಬ್ಬಕ್ಕೆ ನೆಂಟರು ಕೂಡುವುದೂ ಆ ಚಳಿಯಲ್ಲಿಯೇ. ಆ ವೇಳೆಗೆ ಡೇಲಿಯಾ ಕರಿದಾಗಿ ಜೋತಿರುತ್ತದೆ. ಕಿಕುಯು ಹುಲ್ಲಿನ ಹಾಸು ಒಣಮೇವಿನ ಬಣ್ಣಕ್ಕೆ ತಿರುಗಿರುತ್ತದೆ.

ಚಳಿಗಾಲದ ತೋಟವನ್ನು ಹೂವಿನಿಂದ ಆರಂಭಿಸುವುದೇ ತಪ್ಪು. ಮೊದಲು ತಿಳಿಯಬೇಕಾದದ್ದು ಚಳಿ ಹರಿಯುವ ದಾರಿಯನ್ನು. ಮೋಡವಿಲ್ಲದ ಇರುಳಿನಲ್ಲಿ ನೆಲದ ಕಾವು ಆಕಾಶಕ್ಕೆ ಹೊರಟುಹೋಗಿ, ತಣ್ಣಗಾದ ಗಾಳಿ ಭಾರವಾಗಿ ನೀರಿನಂತೆಯೇ ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ. ತಲೈಕುಂದಾ, ಕಾಂದಲ್, ಕುದುರೆ ಪಂದ್ಯದ ಬಯಲು ಮುಂತಾದ ತಗ್ಗುಗಳು ಬೆಳಗ್ಗೆ ಬಿಳುಪಾಗಿರುವುದು ಈ ಕಾರಣದಿಂದ. ಅಂಗಳದ ಕೆಳಅಂಚಿನಲ್ಲಿ ಒತ್ತಾಗಿ ಬೇಲಿ ಕಟ್ಟಿದವರು ಆ ಚಳಿಗೆ ಒಡ್ಡು ಕಟ್ಟಿದಂತಾಗುತ್ತದೆ. ಅಲ್ಲಿ ಒಂದು ಕಂಡಿ ಬಿಟ್ಟರೆ ತಣ್ಣನೆಯ ಗಾಳಿ ಹೊರಗೆ ಹರಿದುಹೋಗುತ್ತದೆ.

ಎರಡನೆಯದು ನೆರಳು. ಚಳಿಗಾಲದ ನಡುಹಗಲಿನಲ್ಲಿಯೂ ಸೂರ್ಯನು ದಕ್ಷಿಣಕ್ಕೆ ಸರಿದು, ಆಕಾಶದಲ್ಲಿ ಸುಮಾರು 55 ಡಿಗ್ರಿ ಎತ್ತರದಲ್ಲಿರುತ್ತಾನೆ. ಮನೆಯ ದಕ್ಷಿಣಕ್ಕೆ ನೆಟ್ಟ ಸೈಪ್ರೆಸ್ ಸಸಿಯು ಇಂದು ಮೊಳದುದ್ದ. ಇಪ್ಪತ್ತು ವರ್ಷಗಳ ಬಳಿಕ ಬಿಸಿಲನ್ನೇ ನುಂಗಬಲ್ಲುದು. ಆಗ ಕಡಿಯೋಣವೆಂದರೆ ಅದು ಮನೆಯೊಡೆಯನ ಇಚ್ಛೆಯೊಂದರಿಂದಲೇ ಆಗುವ ಕೆಲಸವಲ್ಲ. ತಮಿಳುನಾಡು ಗುಡ್ಡಗಾಡು ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯಿದೆ, 1955ರ ಪ್ರಕಾರ, ಅಧಿಸೂಚಿತ ಪ್ರದೇಶದಲ್ಲಿ ಸ್ವಂತ ಪಟ್ಟಾ ನೆಲದ ಮರವನ್ನು ಕಡಿಯಲೂ ಸಮಿತಿಯ ಅನುಮತಿ ಬೇಕು. ಬೆಟ್ಟದ ಮಣ್ಣನ್ನು ಹಿಡಿದಿಡುವ ಈ ಕಾಯಿದೆಯನ್ನು ದೂರುವಂತಿಲ್ಲ. ಮರವನ್ನು ನೆಡುವಾಗಲೇ ದಸ್ತಾವೇಜಿಗೆ ಸಹಿ ಹಾಕುವಷ್ಟು ಯೋಚಿಸಬೇಕು, ಅಷ್ಟೆ.

ಹಾಗಾದರೆ ಮಾದರಿ ಯಾವುದು? ಅದು ಶೋಲಾ ಕಾಡು. ಬಯಲಿನ ಹುಲ್ಲು ಹಿಮಕ್ಕೆ ಬಿಳುಪಾದ ಬೆಳಗಿನಲ್ಲಿಯೂ ಕಣಿವೆಯ ಮಡಿಲಿನ ಶೋಲಾ ಹಸುರಾಗಿಯೇ ಇರುತ್ತದೆ. ಮೇಲಿನ ಎಲೆಯ ಚಪ್ಪರವು ನೆಲದ ಕಾವನ್ನು ಹಿಡಿದಿಡುತ್ತದೆ. ಅದೇ ಮರಗಳ ಎಳೆಯ ಸಸಿಗಳು ತೆರೆದ ಬಯಲಿನಲ್ಲಿ ಹಿಮಕ್ಕೆ ಸುಟ್ಟುಹೋಗುತ್ತವೆ. ಮನೆಯ ತೋಟದಲ್ಲಿಯೂ ಬಿಗೋನಿಯಾ, ಫ್ಯೂಷಿಯಾಗಳಂತಹ ಮೆದು ಗಿಡಗಳಿಗೆ ನಿತ್ಯಹಸುರಿನ ಮರದಡಿಯೇ ನೆಲೆ. ಬಯಲು ಜಾಗ ಚಳಿ ತಾಳುವ ಗಿಡಗಳಿಗೆ. ಈ ಬೆಟ್ಟದ್ದೇ ಆದ ರೋಡೋಡೆಂಡ್ರಾನ್ ಮರ ಅಂಕುಡೊಂಕಾದ ಕಾಂಡದಿಂದಲೇ ಚೆಲುವಾಗಿ ನಿಲ್ಲುತ್ತದೆ. ಅದರ ಕೆಂಪು ಹೂವು ಮೇಲಿನ ಲಾಭ. ಮುಳ್ಳೆಲೆಯ ಮಹೋನಿಯಾದ ಹಳದಿ ಗೊಂಚಲು, ಸಣ್ಣೆಲೆಯ ಕೋಟೋನಿಯಾಸ್ಟರಿನ ಕೆಂಪು ಕಾಯಿ, ಒಣಗಿದರೂ ಆಕಾರ ಕೆಡದ ಅನಾಫಾಲಿಸ್‌ನ ಬಿಳಿ ಹೂವು, ಇವೆಲ್ಲ ಇಲ್ಲಿನ ಮಣ್ಣಿನವೇ. ನರ್ಸರಿಗಳು ಇವನ್ನು ಹೆಚ್ಚಾಗಿ ಬೆಳೆಸಬೇಕಾಗಿದೆ; ಕಾಡಿನಿಂದ ಕಿತ್ತು ತರುವುದು ಯಾವ ರೀತಿಯಿಂದಲೂ ಸಲ್ಲದು.

ಪರದೇಶದ ಗಿಡವೆಲ್ಲ ಬೇಡವೆಂದಲ್ಲ. ಚಹಾ ಗಿಡದ ಸೋದರಿಯಾದ ಕ್ಯಾಮೆಲಿಯಾ ಚಳಿಯಲ್ಲಿಯೇ ಅರಳುತ್ತದೆ. ಅದನ್ನು ಮನೆಯ ಪಶ್ಚಿಮಕ್ಕೆ ನೆಡುವುದು ಲೇಸು. ಹೆಪ್ಪುಗಟ್ಟಿದ ಮೊಗ್ಗಿಗೆ ಮುಂಜಾನೆಯ ಬಿಸಿಲು ಒಮ್ಮೆಗೇ ತಾಗಿದರೆ ಅದು ಕಂದುತ್ತದೆ. ಮೆಲ್ಲನೆ ಕರಗಿದರೆ ಉಳಿಯುತ್ತದೆ. ಆದರೆ ಚಳಿಗೆ ಬಾಡದು ಎಂಬ ಒಂದೇ ಗುಣ ನೋಡಿ ಗಿಡವನ್ನು ಒಳಗೆ ಕರೆಯಬಾರದು. ಬ್ರಿಟಿಷರ ಕಾಲದಲ್ಲಿ ಬಂದ ಗೋರ್ಸ್ ಮತ್ತು ಸ್ಕಾಚ್ ಬ್ರೂಮ್‌ಗಳ ಹಳದಿ ಹೂವು ನೋಡಲು ಸೊಗಸು; ಇಂದು ಅವೇ ಬೇಲಿ ದಾಟಿ ಮೇಲಿನ ನೀಲಗಿರಿಯ ಹುಲ್ಲುಗಾವಲನ್ನು ಆಕ್ರಮಿಸಿವೆ. ಕಿತ್ತಳೆ ಬಣ್ಣದ ಸೆಸ್ಟ್ರಮ್ ಶೋಲಾದ ಅಂಚಿಗೇ ನುಗ್ಗಿದೆ. ತೋಟದ ಎಲ್ಲೆಕಲ್ಲು ಬೀಜಕ್ಕೆ ಗೊತ್ತಿಲ್ಲ.

ಇನ್ನು ನಿತ್ಯದ ಆರೈಕೆ. ಸಂಜೆಯಾಗುತ್ತಲೇ ಎಳೆಯ ಗಿಡಗಳಿಗೆ ಸೊಪ್ಪಿನ ಹೊದಿಕೆ ಹಾಕಿ, ಬಿಸಿಲೇರಿದ ಮೇಲೆ ತೆಗೆಯಬೇಕು. ಒಣಮಣ್ಣಿಗಿಂತ ತೇವದ ಮಣ್ಣು ಹಗಲಿನ ಕಾವನ್ನು ಹೆಚ್ಚಾಗಿ ಉಳಿಸಿಕೊಳ್ಳುವುದರಿಂದ ಮಧ್ಯಾಹ್ನಕ್ಕೆ ಮೊದಲೇ ಬುಡಕ್ಕೆ ನೀರುಣಿಸುವುದು ಒಳ್ಳೆಯದು. ಸುಟ್ಟ ಎಲೆಗಳನ್ನು ಕಂಡೊಡನೆ ಕತ್ತರಿ ಹಿಡಿಯುವ ಅವಸರ ಬೇಡ. ಆ ಕರಕಲು ಎಲೆಗಳೇ ಕೆಳಗಿನ ಕಣ್ಣುಗಳಿಗೆ ಹೊದಿಕೆ. ಹಿಮ ಪೂರ್ತಿಯಾಗಿ ಕಳೆದು, ಮಾರ್ಚಿಯಲ್ಲಿ ಹೊಸ ಚಿಗುರು ಎಲ್ಲಿಂದ ಹೊರಡುತ್ತದೆಂದು ಕಂಡ ಮೇಲೆ, ಅದರ ಮೇಲ್ಗಡೆಗೆ ಕತ್ತರಿಸಿದರೆ ಸಾಕು.