ಬಾಯಲ್ಲಿ ಮರಿಗಳನ್ನು ಹೊರುವ ತಂದೆ

ಸುರಪುರದ ಮಗ್ಗುಲಿನ ರಂಗಂಪೇಟೆಗೆ ಕಡಲು ಬಹುದೂರ. ಆ ಸೀಮೆಯವರಿಗೆ ಮೀನೆಂದರೆ ಕೃಷ್ಣೆಯ ಮೀನು, ಇಲ್ಲವೆ ಕೆರೆಯ ಮೀನು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ ಮೀನು ಈಗ ನಮ್ಮ ನಾಡಿನ ಕೆರೆಗಳಲ್ಲಿ ನೆಲೆಯೂರಿದೆ. ಜಿಲೇಬಿ ಮೀನೆಂದು ಜನರು ಕರೆಯುವುದು ಇದನ್ನೇ. ಅದರ ಹೆಣ್ಣು ತನ್ನ ತತ್ತಿಗಳನ್ನು ಬಾಯಲ್ಲಿಯೇ ಇಟ್ಟುಕೊಂಡು ಮರಿಮಾಡುವುದು. ಕಡಲಿನಲ್ಲಿ ಇದೇ ವ್ರತವನ್ನು ಹಿಡಿದ ಇನ್ನೊಂದು ಕುಲವುಂಟು. ಅಲ್ಲಿ ವ್ರತಧಾರಿಯಾದುದು ತಾಯಿಯಲ್ಲ, ತಂದೆ. ಆ ಕುಲವನ್ನು ನಾವು ಇಂದು ವಾಚಕರಿಗೆ ಪರಿಚಯ ಮಾಡಿಕೊಡಬಯಸುತ್ತೇವೆ.

ಇವುಗಳಿಗೆ ಕಾರ್ಡಿನಲ್ ಮೀನುಗಳೆಂದು ಹೆಸರು. ರೋಮಿನ ಕಾರ್ಡಿನಲ್ ಪದವಿಯ ಧರ್ಮಗುರುಗಳ ಉಡುಪಿನಂತೆ ಇವುಗಳಲ್ಲಿ ಹಲವಕ್ಕೆ ಕೆಂಪು ಬಣ್ಣವಿರುವುದೇ ಇದಕ್ಕೆ ಕಾರಣ. ಬೆರಳುದ್ದದ ಮೈ, ದೊಡ್ಡ ಕಣ್ಣು, ಬೆನ್ನಿನ ಮೇಲೆ ಬೇರೆಬೇರೆಯಾದ ಎರಡು ಈಜುರೆಕ್ಕೆ: ಇವು ಗುರುತುಗಳು. ಬಹುಪಾಲು ಜಾತಿಗಳು ಹಗಲೆಲ್ಲ ಹವಳದ ದಿಣ್ಣೆಗಳ ಸಂದುಗಳಲ್ಲಿ ಅಡಗಿದ್ದು, ಇರುಳಿನಲ್ಲಿ ಆಹಾರಕ್ಕೆ ಹೊರಡುತ್ತವೆ. ಅಂತಹ ಹವಳವು ನಮ್ಮ ಕರಾವಳಿಯಲ್ಲಿ ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪದ ಸುತ್ತಲೂ ಬೆಳೆದಿದೆ.

ಈ ಕುಲದಲ್ಲಿ ಬಹು ಸೋಜಿಗದ ಜಾತಿಯು ಇಂಡೋನೇಷ್ಯದ ಬಂಗಾಯಿ ದ್ವೀಪಗಳದು. 1933ರಲ್ಲಿ ಶಾಸ್ತ್ರಜ್ಞರು ಇದಕ್ಕೆ ಶಾಸ್ತ್ರೀಯ ನಾಮವನ್ನಿಟ್ಟರು. ಉದ್ದ ಸುಮಾರು 8 ಸೆಂಟಿಮೀಟರು. ಬೆಳ್ಳಿಯ ಮೈಗೆ ಕಪ್ಪು ಪಟ್ಟೆ, ಬಿಳಿಯ ಚುಕ್ಕೆ. ಹೆಣ್ಣು ಇಟ್ಟ ತತ್ತಿಗಳನ್ನು ಗಂಡು ಬಾಯಿಗೆ ತೆಗೆದುಕೊಂಡು ಸುಮಾರು 20 ದಿನ ಕಾಯುತ್ತದೆ. ತತ್ತಿಯೊಡೆದು ಮರಿಯಾದ ಮೇಲೂ ಸುಮಾರು 10 ದಿನ ಅವುಗಳನ್ನು ಹೊರಕ್ಕೆ ಬಿಡದು. ಅಷ್ಟು ಕಾಲವೂ ತಂದೆಗೆ ಉಪವಾಸ. ಹೊರಬಂದ ಮರಿಗಳು ಮುಳ್ಳುಚೆಂಡಿನಂತಹ ಕಡಲಜೀವಿಗಳ ಮುಳ್ಳುಗಳ ನಡುವೆ ಆಸರೆ ಪಡೆಯುತ್ತವೆ.

ಇಷ್ಟು ಕಾಪಾಡಿದರೂ ಈ ಮೀನಿನ ಸಂತತಿಗೆ ಕುತ್ತು ತಪ್ಪಿಲ್ಲ. ನಮ್ಮ ಕಟ್ಲಾ ಮೀನು ಲಕ್ಷಗಟ್ಟಲೆ ತತ್ತಿಯಿಡುವುದು. ಇದು ಒಂದು ಸಲಕ್ಕೆ ಇಡುವುದು ನೂರಕ್ಕೂ ಕಡಿಮೆ. ಹವಳದ ಇತರ ಮೀನುಗಳ ಎಳೆಮರಿಗಳು ಬಹುಮಟ್ಟಿಗೆ ಕಡಲಿನ ಸೆಳವಿನಲ್ಲಿ ತೇಲಿ ದೂರದ ದಿಣ್ಣೆಗಳನ್ನು ಸೇರುವುವು. ಇದರ ಮರಿಗಳಾದರೋ ಹುಟ್ಟಿದೆಡೆಯಲ್ಲಿಯೇ ಬೆಳೆಯುವುವು. ಆದಕಾರಣ ಒಂದೆಡೆಯ ಮೀನುಗಳನ್ನು ಬಾಚಿಬಿಟ್ಟರೆ, ಆ ತಾಣವನ್ನು ತುಂಬಲು ಬೇರೆಡೆಯಿಂದ ಬರುವುವು ತೀರ ವಿರಳ. 1990ರ ದಶಕದಿಂದ ಗಾಜಿನ ತೊಟ್ಟಿಗಳ ಅಲಂಕಾರಕ್ಕಾಗಿ ಇವನ್ನು ಹೇರಳವಾಗಿ ಹಿಡಿಯತೊಡಗಿದರು. 2007ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು.

ತೊಟ್ಟಿಯ ನೀರಿನಲ್ಲಿಯೂ ಇದು ಮರಿಮಾಡುವುದೆಂಬುದು ಸಮಾಧಾನದ ಸಂಗತಿ. ಮನೆಯಲ್ಲಿ ಉಪ್ಪುನೀರಿನ ಮೀನನ್ನು ಸಾಕಬಯಸುವವರು ಅದು ಹುಟ್ಟಿದುದೆಲ್ಲಿ ಎಂದು ಅಂಗಡಿಯವರನ್ನು ಕೇಳಿ, ತೊಟ್ಟಿಯಲ್ಲಿ ಹುಟ್ಟಿ ಬೆಳೆದುದನ್ನೇ ಕೊಳ್ಳಲಿ. ಕಡಲಿನಲ್ಲಿ ಬಲೆಗೆ ಬಿದ್ದ ಗಂಡು ಮೀನಿನ ಬಾಯಲ್ಲಿ ಒಂದು ಸಂಸಾರವೇ ಇದ್ದೀತು.