ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಎಂಟ್ರೋಪಿ

ಎಂಟ್ರೋಪಿ ಎಂದರೆ ಅವ್ಯವಸ್ಥೆಯ ಅಳತೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನನಗೆ ಅದು ಅರ್ಥವಾದದ್ದು ಲೆಕ್ಕದಿಂದ.

ನಮ್ಮ ಮೋಟೆಬೆನ್ನೂರಿನ ಪಕ್ಕದ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಮಾಸದಿರಲೆಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತಾರೆ. ಒಳಗೆ 7 ಡಿಗ್ರಿ, ಅಂದರೆ 280 ಕೆಲ್ವಿನ್. ಹೊರಗೆ 35 ಡಿಗ್ರಿ, ಅಂದರೆ 308 ಕೆಲ್ವಿನ್ ಇದೆ ಎಂದುಕೊಳ್ಳಿ. ಸಾಗಿಸಿದ ಉಷ್ಣವನ್ನು ಕೆಲ್ವಿನ್ ತಾಪದಿಂದ ಭಾಗಿಸಿದರೆ ಎಂಟ್ರೋಪಿಯ ಬದಲಾವಣೆ ಸಿಗುತ್ತದೆ.

ಒಳಗಿನಿಂದ 280 ಜೂಲ್ ಉಷ್ಣ ತೆಗೆದರೆ ಅಲ್ಲಿ ಎಂಟ್ರೋಪಿ 1 ಇಳಿಯುತ್ತದೆ. ಅಷ್ಟೇ ಉಷ್ಣ ಹೊರಗೆ ಸೇರಿದರೆ ಏರುವುದು 0.91 ಮಾತ್ರ. ಒಟ್ಟು ಎಂಟ್ರೋಪಿ ಇಳಿಯಲು ಎರಡನೇ ನಿಯಮ ಬಿಡುವುದಿಲ್ಲ. ಆದ್ದರಿಂದ ಕನಿಷ್ಠ 28 ಜೂಲ್ ವಿದ್ಯುತ್ ಸೇರಿಸಿ, 308 ಜೂಲ್ ಹೊರಹಾಕಲೇಬೇಕು. ನಿಜವಾದ ಯಂತ್ರಕ್ಕೆ ಇನ್ನೂ ಹೆಚ್ಚು ಬೇಕು.

ಯಂತ್ರ ಎಷ್ಟೇ ಸುಧಾರಿಸಲಿ, ಆ 28 ಜೂಲ್ ಉಳಿಸಲಾಗದು. ರೈತರು ಕಟ್ಟುವ ಬಾಡಿಗೆಯಲ್ಲಿ ಎಂಟ್ರೋಪಿಯ ಪಾಲೂ ಇದೆ.