ಬಸುರಿಯ ಊಟ: ಹಿತ್ತಿಲ ಸೊಪ್ಪು ಕೊಡುವುದು, ಕೊಡದಿರುವುದು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಬಸುರಿಗೆ ಎರಡು ಮಾತು ಕೇಳಿಬರುತ್ತವೆ. ಹೊರಗಿನವರದು, “ಮೊಟ್ಟೆ ಮಾಂಸ ಮುಟ್ಟದಿದ್ದರೆ ಮಗು ಬೆಳೆಯುವುದು ಹೇಗೆ?” ಮನೆಯವರದು, “ಹಿತ್ತಿಲ ಸೊಪ್ಪಿನಲ್ಲಿ ಎಲ್ಲ ಇದೆ, ಮಾತ್ರೆ ಯಾಕೆ?” ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ಬಹುಪಾಲು ನಿಜವಿದೆ. ಆದರೆ ತಾಯಿ ಮಗುವಿಗೆ ತೊಂದರೆ ಬರುವುದು ಉಳಿದ ಸ್ವಲ್ಪದಲ್ಲೇ.

ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂ ಹೆಚ್ಚು ಪ್ರೋಟೀನ್ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಎರಡು ಹಿಡಿ ಕಾಳು, ಒಂದು ಲೋಟ ಹಾಲು, ಸ್ವಲ್ಪ ಶೇಂಗಾ ಸೇರಿದರೆ ಅಷ್ಟಾಯಿತು. ಅಡ್ಡಿಯಾಗುವುದು “ಕಾಳು ವಾಯು” ಎಂಬ ನಂಬಿಕೆ. ಹುರುಳಿ ಕಟ್ಟಿನ ಸಾರು ಮನುಷ್ಯರಿಗೆ, ಬೆಂದ ಹುರುಳಿ ಎತ್ತಿಗೆ ಎಂಬ ರೂಢಿಯಲ್ಲಿ ಪ್ರೋಟೀನಿನ ಹೆಚ್ಚಿನ ಪಾಲು ಕೊಟ್ಟಿಗೆಗೇ ಹೋಗುತ್ತದೆ. ಹೆಸರುಕಾಳು ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿ, ಜೀರಿಗೆ ಇಂಗು ಹಾಕಿ ಕೊಟ್ಟರೆ ಹೊಟ್ಟೆಯುಬ್ಬರವೂ ಕಡಿಮೆ.

“ಬೀಟ್‌ರೂಟ್ ತಿಂದರೆ ರಕ್ತ ಹೆಚ್ಚುತ್ತದೆ” ಎನ್ನುವುದು ಬಣ್ಣ ನೋಡಿ ಹುಟ್ಟಿದ ಮಾತು. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇರುವುದಿಲ್ಲ, ಗರ್ಭಿಣಿಗೆ ದಿನಕ್ಕೆ ಬೇಕಿರುವುದು 27. ಹರಿವೆ, ನುಗ್ಗೆ ಸೊಪ್ಪು ವಾಸಿ. ಆದರೆ ಸಸ್ಯದ ಕಬ್ಬಿಣವನ್ನು ಕರುಳು ಸುಲಭಕ್ಕೆ ಹೀರುವುದಿಲ್ಲ. ಜೊತೆಗೆ ನಿಂಬೆರಸ, ನೆಲ್ಲಿಕಾಯಿ ಇದ್ದರೆ ಹೆಚ್ಚು ಹೀರುತ್ತದೆ. ಊಟದ ಬೆನ್ನಿಗೇ ಚಹಾ ಕಾಫಿ ಕುಡಿದರೆ ತಡೆಯಾಗುತ್ತದೆ. ಒಂದು ಗಂಟೆಯಾದರೂ ಬಿಡಬೇಕು.

ಅಡಿಕೆಯ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. “ಊಟದ ಮೇಲೆ ಕವಳ ಒಳ್ಳೆಯದು, ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದೆ” ಎನ್ನುವವರಿದ್ದಾರೆ. ಅಡಿಕೆಯ ಒಗರು ಕಬ್ಬಿಣವನ್ನು ಹಿಡಿದಿಡುತ್ತದೆ. ಜಗಿಯುವ ತಾಯಂದಿರ ಶಿಶುಗಳ ತೂಕ ಕಡಿಮೆ ಇರುವುದನ್ನು ಪಪುವಾ ನ್ಯೂಗಿನಿಯಲ್ಲಿ ನಡೆದ ಅಧ್ಯಯನ ಕಂಡಿದೆ. ಕ್ಯಾಲ್ಸಿಯಂ ಬೇಕಿದ್ದರೆ ಹಾಲು, ಮೊಸರು, ರಾಗಿ, ಎಳ್ಳು ಇವೆ. ಬಸುರಿಯಾದಾಗಲಾದರೂ ಕವಳ ಬೇಡ.

ಕಬ್ಬಿಣದ ಮಾತ್ರೆ ಉಷ್ಣ, ಮಗು ಕಪ್ಪಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಮಲ ಕಪ್ಪಾಗುವುದು ಹೀರದೆ ಉಳಿದ ಕಬ್ಬಿಣದಿಂದ. ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ನಾಲ್ಕನೇ ತಿಂಗಳಿಂದ ಕನಿಷ್ಠ 180 ದಿನ ನುಂಗಬೇಕು. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೆ ನುಂಗಬಾರದು, ಎರಡು ಗಂಟೆ ಅಂತರವಿರಲಿ. ಕೇಸರಿಯಿಂದ ಮಗು ಬೆಳ್ಳಗಾಗುವುದೂ ಇಲ್ಲ, ತುಪ್ಪದಿಂದ ಹೆರಿಗೆ ಸಲೀಸಾಗುವುದೂ ಇಲ್ಲ.

ಸೊಪ್ಪಿನಲ್ಲಿ ಇಲ್ಲವೇ ಇಲ್ಲದ ಪೋಷಕಾಂಶ ಬಿ12. ಒಂದೆಲಗದಲ್ಲಿಲ್ಲ, ಕೆಸುವಿನಲ್ಲಿಲ್ಲ, ಕಾಳಿನಲ್ಲೂ ಇಲ್ಲ. ಮಗುವಿನ ನರಮಂಡಲ ಕಟ್ಟಲು, ತಾಯಿಯ ರಕ್ತಕಣ ಬೆಳೆಯಲು ಅದು ಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ 1997–98ರಲ್ಲಿ ಬಂದ ಗರ್ಭಿಣಿಯರ ರಕ್ತ ಪರೀಕ್ಷಿಸಿದಾಗ, ಸಸ್ಯಾಹಾರಿಗಳಲ್ಲದವರೂ ಸೇರಿದಂತೆ ನೂರಕ್ಕೆ 43 ಮಂದಿಯಲ್ಲಿ ಬಿ12 ಕಡಿಮೆ ಇತ್ತು. ಫೋಲೇಟ್ ಕಡಿಮೆ ಇದ್ದವರು ನೂರಕ್ಕೆ 4 ಮಂದಿ ಮಾತ್ರ. ಬಿ12 ಕಡಿಮೆ ಇದ್ದವರಲ್ಲಿ ಗರ್ಭಿಣಿ ಮಧುಮೇಹವೂ ಹೆಚ್ಚು ಕಂಡಿತು. ಫೋಲಿಕ್ ಆಮ್ಲ ಮಾತ್ರ ಸಾಕಷ್ಟಿದ್ದು ಬಿ12 ಇಲ್ಲದಿದ್ದರೆ ರಕ್ತಹೀನತೆ ಮರೆಯಾಗಿ, ನರಗಳಿಗೆ ಆಗುವ ಹಾನಿ ಗೊತ್ತಾಗದೆ ಮುಂದುವರಿಯಬಹುದು.

“ನಾವು ದಿನಾ ತಂಬುಳಿ ಉಣ್ಣುತ್ತೇವಲ್ಲ, ಮಜ್ಜಿಗೆ ಇದೆಯಲ್ಲ” ಎಂದರೆ, ನೀರು ಮಜ್ಜಿಗೆಯಲ್ಲಿ ಹಾಲಿನ ಪಾಲು ಎಷ್ಟು? 200 ಮಿಲಿಲೀಟರ್ ಹಾಲಿನಲ್ಲಿ ಬಿ12 ಹೆಚ್ಚೆಂದರೆ 1 ಮೈಕ್ರೋಗ್ರಾಂ, ಬೇಕಿರುವುದು ಸುಮಾರು ಎರಡೂವರೆ. ದಿನಕ್ಕೆ ಮೂರು ಲೋಟ ಹಾಲು ಅಥವಾ ಗಟ್ಟಿ ಮೊಸರು ಹೊಟ್ಟೆಗೆ ಸೇರಬೇಕು. ಕರೆದ ಹಾಲೆಲ್ಲ ಡೈರಿಗೆ ಹೋಗುವ ಮನೆಯಲ್ಲಿ ಬಸುರಿಯ ಪಾಲನ್ನು ಮೊದಲು ತೆಗೆದಿಡಬೇಕು. ತುಪ್ಪದಿಂದ ಬಿ12 ಸಿಗುವುದಿಲ್ಲ.

2017ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟದ ಜೊತೆ ಹಾಲು, ಮೊಟ್ಟೆ ಕೊಡುತ್ತಾರೆ. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು. ಪ್ರೋಟೀನಿನ ಲೆಕ್ಕಕ್ಕೆ ಈ ಬದಲಿ ಸರಿ, ಬಿ12 ಲೆಕ್ಕಕ್ಕೆ ಅಲ್ಲ. ಹಾಗಾಗಿ ಮೊಟ್ಟೆ ಬೇಡ ಎಂದವರು ಮೊದಲ ತಪಾಸಣೆಯಲ್ಲೇ ವೈದ್ಯರಿಗೆ “ನಾನು ಸಸ್ಯಾಹಾರಿ, ಬಿ12 ನೋಡಿ” ಎಂದು ಕೇಳಬೇಕು. ಕಡಿಮೆಯಿದ್ದರೆ ಮಾತ್ರೆ ಇದೆ, ತೀರಾ ಕಡಿಮೆಯಾಗಿದ್ದರೆ ಇಂಜೆಕ್ಷನ್ ಇದೆ.